ಹುಲ್ಲುಗಾವಲಿನಿಂದ ಗಿರಿಗೆ: ಮೂರು ದಿನಗಳ ಒಂದು ಪ್ರವಾಸ



ಶಾಲೆ ಕಾಲೇಜುಗಳಲ್ಲಿ ಪ್ರವಾಸದ ಮಾತು ಬಂದ ಕೂಡಲೇ ಒಂದು ಪಟ್ಟಿ ತಯಾರಾಗುತ್ತದೆ. ಎಷ್ಟು ದೇವಸ್ಥಾನ, ಎಷ್ಟು ಜಲಪಾತ, ಎಷ್ಟು ಬೆಟ್ಟ ಎಂದು ಎಣಿಸುತ್ತೇವೆ. ಪಟ್ಟಿ ಉದ್ದವಾದಷ್ಟೂ ಪ್ರವಾಸ ಚೆನ್ನಾಗಿರುತ್ತದೆ ಎಂಬುದು ನಮ್ಮ ಲೆಕ್ಕ. ಇದೇ ಲೆಕ್ಕದಲ್ಲಿ ಒಮ್ಮೆ ನಾನೂ ವಿದ್ಯಾರ್ಥಿಗಳ ಜೊತೆ ಹೊರಟಿದ್ದೆ. ಎರಡು ದಿನಕ್ಕೆ ಒಂಬತ್ತು ಸ್ಥಳ. ಕಡೂರಿನಿಂದ ತರೀಕೆರೆಯವರೆಗೆ ಬಸ್ಸಿನಲ್ಲಿ ಎಲ್ಲರೂ ನಿದ್ರೆ ಮಾಡಿದರು. ಕೆಮ್ಮಣ್ಣುಗುಂಡಿ ತಲುಪುವಾಗ ಸಂಜೆಯಾಗಿತ್ತು, ಮಂಜು ಮುಸುಕಿತ್ತು, ಹತ್ತು ಮಾರು ದೂರದ ಮರವೂ ಕಾಣಲಿಲ್ಲ. ಹಿಂತಿರುಗುವಾಗ ಒಬ್ಬ ಹುಡುಗ ಕೇಳಿದ: "ಸಾರ್, ದಾರಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲವೇ?"

ಆ ಪ್ರಶ್ನೆಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಇಂದು ಕೊಡಲು ಪ್ರಯತ್ನಿಸುತ್ತೇನೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ಅಜ್ಜಂಪುರ, ತರೀಕೆರೆ ಈ ಮೂರು ತಾಲ್ಲೂಕುಗಳಲ್ಲಿ ಹುಲ್ಲಿನ ಬಯಲಿನಿಂದ ಬೆಟ್ಟದ ನೆತ್ತಿಯವರೆಗೆ ಮೂರು ದಿನಗಳ ಪ್ರವಾಸವನ್ನು ಹೇಗೆ ಯೋಜಿಸಬಹುದು ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಯೋಜನೆ ಆರಂಭವಾಗಬೇಕಾದದ್ದು ಭೂಪಟದಿಂದ. ಸರ್ವೆ ಆಫ್ ಇಂಡಿಯಾ ಇಲಾಖೆ ಪ್ರಕಟಿಸುವ ಐವತ್ತು ಸಾವಿರಕ್ಕೆ ಒಂದು ಅಳತೆಯ ನಕ್ಷೆಯನ್ನು ತೆಗೆದುಕೊಳ್ಳಿ. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ನಕ್ಷೆಯ ಮೇಲೆ ಹರಿದಾಡುವ ಕಂದು ಗೆರೆಗಳನ್ನು ನೋಡಿ. ಅವು ಸಮೋನ್ನತಿ ರೇಖೆಗಳು. ಒಂದು ರೇಖೆಯ ಮೇಲಿರುವ ಎಲ್ಲ ಸ್ಥಳಗಳೂ ಒಂದೇ ಎತ್ತರದವು. ಕಡೂರು ಮತ್ತು ಅಜ್ಜಂಪುರದ ಕಡೆ ಈ ಗೆರೆಗಳು ದೂರ ದೂರ ಇರುತ್ತವೆ. ಅಂದರೆ ಅದು ಬಯಲು. ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಕಡೆ ಬಂದರೆ ಅವು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಅಂದರೆ ಅದು ಕಡಿದಾದ ಬೆಟ್ಟ. ಮನೆಯಲ್ಲೇ ಕುಳಿತು, ಬೆರಳಿನಿಂದಲೇ ನೀವು ಈ ಪ್ರವಾಸವನ್ನು ಒಮ್ಮೆ ಮಾಡಿ ಮುಗಿಸಬಹುದು. ಹಾಗೆ ಮಾಡಿದವರಿಗೆ ದಾರಿಯಲ್ಲಿ ನಿದ್ರೆ ಬರುವುದಿಲ್ಲ.

ಅದೇ ನಕ್ಷೆಯಲ್ಲಿ ರೈಲು ಮಾರ್ಗವನ್ನೂ ಗಮನಿಸಿ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಕಡೂರು, ಅದರ ಮುಂದೆಯೇ ಬೀರೂರು. ಬೀರೂರಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೂಲಕ ಉತ್ತರಕ್ಕೆ ಹುಬ್ಬಳ್ಳಿಯ ಕಡೆ, ಇನ್ನೊಂದು ತರೀಕೆರೆಯ ಮೂಲಕ ಶಿವಮೊಗ್ಗದ ಕಡೆ. ಕಡೂರಿನಿಂದ ಚಿಕ್ಕಮಗಳೂರಿಗೂ 2013ರಿಂದ ರೈಲು ಓಡುತ್ತಿದೆ. ಹೀಗಾಗಿ ನಮ್ಮ ಮೂರೂ ಊರುಗಳನ್ನು ಬಾಡಿಗೆ ಬಸ್ಸಿಲ್ಲದೆ ತಲುಪಬಹುದು. ಬೆಟ್ಟಕ್ಕೆ ಮತ್ತು ಒಳ ಊರುಗಳಿಗೆ ಮಾತ್ರ ವಾಹನ ಬೇಕು. ಖರ್ಚು ಕಡಿಮೆ ಮಾಡಲು ಇದೇ ಸುಲಭದ ದಾರಿ.

ಎರಡನೆಯದಾಗಿ ಕಾಲ. ಎಲ್ಲವನ್ನೂ ಒಂದೇ ಸಲ ನೋಡುವ ತಿಂಗಳು ಯಾವುದೂ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಮುಂಗಾರಿನಲ್ಲಿ ಜಲಪಾತಗಳು ತುಂಬಿ ಧುಮುಕುತ್ತವೆ. ಆದರೆ ಆಗ ಬೆಟ್ಟದ ಮೇಲೆ ಮಂಜು, ಜಾರುವ ದಾರಿ, ಜಿಗಣೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡುವುದು ನೀರು ಇಳಿದ ಬೇಸಿಗೆಯಲ್ಲಿ. ಬಯಲಿನ ಹುಲ್ಲು ಹೊನ್ನಿನ ಬಣ್ಣಕ್ಕೆ ತಿರುಗಿ, ದೂರದೇಶದ ಸೆಳೆವ ಹಕ್ಕಿಗಳು ಅಲ್ಲಿಗೆ ಬರುವುದು ಚಳಿಗಾಲದಲ್ಲಿ. ಮಳೆ ನಿಂತು, ಜಲಪಾತ ಇನ್ನೂ ಬತ್ತದೆ, ಆಕಾಶ ತಿಳಿಯಾಗಿರುವ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನ ದಿನಗಳು ವಿದ್ಯಾರ್ಥಿಗಳಿಗೆ ಅನುಕೂಲ. ರೀವ ಹಕ್ಕಿಗಳ ಗೂಡನ್ನು ಇನ್ನೊಂದು ಬೇಸಿಗೆಗೆ ಬಿಟ್ಟುಬಿಡೋಣ. ಏನನ್ನು ನೋಡುವುದಿಲ್ಲ ಎಂದು ತೀರ್ಮಾನಿಸುವುದೂ ಯೋಜನೆಯ ಒಂದು ಭಾಗವೇ.

ಮೂರನೆಯದು ಕ್ರಮ. ಎಲ್ಲರೂ ಮೊದಲು ಬೆಟ್ಟಕ್ಕೆ ಓಡುತ್ತಾರೆ. ನಾವು ಬಯಲಿನಿಂದ ಆರಂಭಿಸೋಣ. ಕಾರಣವಿದೆ. ನೈಋತ್ಯ ಮಾರುತ ಅರಬ್ಬೀ ಸಮುದ್ರದಿಂದ ನೀರು ಹೊತ್ತು ತಂದು ಪಶ್ಚಿಮ ಘಟ್ಟದ ಮೇಲೆ, ಅನಂತರ ಬಾಬಾಬುಡನ್ ಗಿರಿಶ್ರೇಣಿಯ ಮೇಲೆ ಸುರಿಸುತ್ತದೆ. ಬೆಟ್ಟದ ಮೇಲೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ. ಬೆಟ್ಟ ದಾಟಿ ಬರುವ ಗಾಳಿಯಲ್ಲಿ ಉಳಿದ ನೀರು ಸ್ವಲ್ಪವೇ. ಆದ್ದರಿಂದ ಪೂರ್ವದಲ್ಲಿರುವ ಕಡೂರಿಗೆ ಆರುನೂರು ಮಿಲಿಮೀಟರ್‌ಗಳ ಆಸುಪಾಸು ಮಾತ್ರ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕ್ರಮಿಸಬಹುದಾದ ದೂರದಲ್ಲಿ ಮಳೆ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಕಿಟಕಿಯ ಪಕ್ಕ ಕುಳಿತು ಬೆಳೆಯನ್ನು ಗಮನಿಸಿದರೆ ಇದು ಕಣ್ಣಿಗೆ ಕಾಣುತ್ತದೆ: ಮೊದಲು ರಾಗಿ, ಈರುಳ್ಳಿ, ತೆಂಗು, ಆಮೇಲೆ ಅಡಿಕೆ ತೋಟ, ಕೊನೆಗೆ ಮರದ ನೆರಳಿನ ಕಾಫಿ. ಕಡಿಮೆ ಮಳೆಯಿಂದ ಹೆಚ್ಚು ಮಳೆಯ ಕಡೆ ಸಾಗಿದಾಗ ಈ ಬದಲಾವಣೆ ಮನಸ್ಸಿಗೆ ಚೆನ್ನಾಗಿ ನಾಟುತ್ತದೆ.

ಈಗ ಮೊದಲನೆಯ ದಿನ. ಬೆಳಗಿನ ಜಾವ ಕಡೂರಿನಲ್ಲೋ ಬೀರೂರಿನಲ್ಲೋ ಇಳಿಯಿರಿ. ನಿಮ್ಮ ಮೊದಲ ತಾಣ ಬಾಸೂರು ಅಮೃತಮಹಲ್ ಕಾವಲು. 2011ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ವಿಸ್ತೀರ್ಣ ಏಳು ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕಾಗಿ ನಿಮ್ಮ ಸಂಸ್ಥೆಯ ಪತ್ರವನ್ನು ಕೆಲವು ವಾರ ಮೊದಲೇ ಕಳಿಸಿ.

ಮೊದಲ ನೋಟಕ್ಕೆ ಅಲ್ಲಿ ಏನೂ ಇಲ್ಲ ಎನಿಸೀತು. ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ದೂರದಲ್ಲಿ ಬೆಟ್ಟದ ನೀಲಿ ಗೆರೆ. ಆದರೆ ಅರ್ಧ ಗಂಟೆ ಮಾತಾಡದೆ ಕುಳಿತು ನೋಡಿ. ಕೃಷ್ಣಮೃಗಗಳ ಹಿಂಡು ತಲೆಯೆತ್ತುತ್ತದೆ. ಗಂಡು ಕಪ್ಪು ಬಿಳುಪು ಬಣ್ಣದ್ದು, ತಿರುಚಿದ ಕೊಂಬಿನದು. ಹೆಣ್ಣು ಹುಲ್ಲಿನದೇ ಬಣ್ಣ. ನೆಲಗುಬ್ಬಿಗಳು ನೇರ ಮೇಲಕ್ಕೆ ಹಾರಿ ಹಾಡುತ್ತಾ ಇಳಿಯುತ್ತವೆ. ಸಂಜೆಯಾದರೆ ಸೆಳೆವ ಹಕ್ಕಿಗಳು ಹುಲ್ಲಿನ ಮೇಲೆಯೇ ತೇಲಿಕೊಂಡು ಬಂದು ನೆಲದ ಮೇಲೆ ರಾತ್ರಿ ತಂಗುತ್ತವೆ. ಇವು ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದವು. ಅಲ್ಲಿನ ಬಯಲು ಹಿಮದಿಂದ ಮುಚ್ಚಿದಾಗ ಅವು ಹುಡುಕಿಕೊಂಡು ಬರುವುದು ಮರಗಳನ್ನಲ್ಲ, ನಮ್ಮ ಕಡೂರಿನ ಹುಲ್ಲನ್ನು.

ಕನ್ನಡ ವ್ಯಾಕರಣ ಓದುತ್ತಿರುವವರು ಇಲ್ಲಿ ಒಂದು ಪದವನ್ನು ಬಿಡಿಸಿ ನೋಡಿ. ಹುಲ್ಲು ಮತ್ತು ಕಾವಲು ಸೇರಿದರೆ ಹುಲ್ಲುಗಾವಲು. ಕಕಾರಕ್ಕೆ ಗಕಾರ ಬಂದ ಆದೇಶ ಸಂಧಿ. ಕಾವಲು ಎಂದರೆ ಕಾಯುವುದು. ಅಂದರೆ ನಮ್ಮ ಹಿರಿಯರಿಗೆ ಹುಲ್ಲಿನ ಬಯಲು ಪಾಳುಬಿದ್ದ ನೆಲವಾಗಿರಲಿಲ್ಲ, ಕಾದುಕೊಂಡ ನೆಲವಾಗಿತ್ತು.

ಕಾದವರು ಯಾರು, ಯಾರಿಗಾಗಿ ಎಂಬುದನ್ನು ತಿಳಿಯಲು ಮಧ್ಯಾಹ್ನ ಅಜ್ಜಂಪುರಕ್ಕೆ ಹೋಗಬೇಕು. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕು. ಇಲ್ಲಿ ಪಶುಸಂಗೋಪನಾ ಇಲಾಖೆಯ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಿಂದ 1704ರವರೆಗೆ ಆಳಿದರು. ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಅವರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದಕ್ಕೆ ಅಮೃತಮಹಲ್ ಎಂಬ ಹೆಸರು ಬಂತು. ಹೆಸರಿನಲ್ಲಿ ಅಮೃತವಿದ್ದರೂ ಈ ತಳಿಯ ಕೀರ್ತಿ ಹಾಲಿನಿಂದ ಬಂದದ್ದಲ್ಲ. ಬೂದು ಮೈ, ಹಿಂದಕ್ಕೆ ಬಾಗಿ ಚೂಪಾಗಿ ನಿಂತ ಉದ್ದ ಕೊಂಬು, ಬಿಗಿಯಾದ ಕಾಲು. ಫಿರಂಗಿ ಎಳೆಯುತ್ತಾ ದೂರದ ದಾರಿಯನ್ನು ಬೇಗ ಕ್ರಮಿಸಬಲ್ಲ ಎತ್ತುಗಳಿವು. ಹೈದರ್ ಮತ್ತು ಟಿಪ್ಪು ಇವನ್ನು ಯುದ್ಧಗಳಲ್ಲಿ ಬಳಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಕೈಸೇರಿತು; ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿದ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೂ ಇವೇ ಎತ್ತುಗಳು ಹೆಗಲು ಕೊಟ್ಟವು.

ಇಂಥ ದನ ಕೊಟ್ಟಿಗೆಯಲ್ಲಿ ಹುಟ್ಟುವುದಿಲ್ಲ. ಅದಕ್ಕೆ ಬಯಲು ಬೇಕು, ಅಲೆದಾಟ ಬೇಕು. ಆದ್ದರಿಂದ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರಾಗಿ ವಿಂಗಡಿಸಿದ್ದರು. ನೀರು ನೆರಳು ಇರುವ ಕೆರೆಯಂಗಳ ಬೇಸಿಗೆಗೆ, ಮಳೆ ಬಂದ ಕೂಡಲೇ ಚಿಗುರುವ ಬಯಲು ಮಳೆಗಾಲಕ್ಕೆ. ಹಿಂಡು ಒಂದು ಕಡೆ ಮೇಯುವಾಗ ಉಳಿದೆಡೆ ಹುಲ್ಲು ಬೀಜ ಕಟ್ಟಿ ಮತ್ತೆ ಬೆಳೆಯುತ್ತಿತ್ತು. ಇಂದಿನ ಪರಿಸರ ವಿಜ್ಞಾನದ ಪುಸ್ತಕಗಳಲ್ಲಿ ಸರದಿ ಮೇಯಿಸುವಿಕೆ ಎಂದು ನೀವು ಓದುವ ಪದ್ಧತಿ ನಮ್ಮ ನಾಡಿನಲ್ಲಿ ಮುನ್ನೂರು ವರ್ಷಗಳ ಹಿಂದೆಯೇ ಆಡಳಿತದ ಭಾಗವಾಗಿತ್ತು.

ಇದೇ ಮಾತಿನ ಇನ್ನೊಂದು ಮುಖವನ್ನು ಉತ್ತರ ಅಮೆರಿಕದಲ್ಲಿ ನೋಡಬಹುದು. ಅಲ್ಲಿನ ಪ್ರೇರಿ ಎಂಬ ಹುಲ್ಲಿನ ಬಯಲು ಕೆನಡಾದಿಂದ ಟೆಕ್ಸಾಸ್‌ವರೆಗೆ ಹಬ್ಬಿ, ಪಶ್ಚಿಮದಲ್ಲಿ ರಾಕಿ ಪರ್ವತಗಳಿಗೆ ತಾಗಿತ್ತು. 19ನೆಯ ಶತಮಾನದಲ್ಲಿ ಉಕ್ಕಿನ ನೇಗಿಲು ಬಂದ ಮೇಲೆ ಅದನ್ನು ಉತ್ತು ಹೊಲ ಮಾಡಿದರು. ಕೋಟಿಗಟ್ಟಲೆ ಇದ್ದ ಕಾಡೆಮ್ಮೆಯಂಥ ಬೈಸನ್‌ಗಳು ಆ ಶತಮಾನದ ಕೊನೆಯ ಹೊತ್ತಿಗೆ ಸಾವಿರಕ್ಕೂ ಕಡಿಮೆಯಾದವು. 1930ರ ದಶಕದಲ್ಲಿ ಬರ ಬಂದಾಗ ಹುಲ್ಲಿನ ಬೇರು ಹಿಡಿದಿಟ್ಟುಕೊಳ್ಳದ ಮಣ್ಣು ಧೂಳಾಗಿ ಎದ್ದು ಊರುಗಳನ್ನು ಮುಚ್ಚಿತು. ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಇಂದು ನೂರಕ್ಕೆ ನಾಲ್ಕು ಪಾಲೂ ಉಳಿದಿಲ್ಲ. ಅಲ್ಲಿಯೂ ಪ್ರವಾಸಿಗರು ಬಯಲನ್ನು ಬೇಗ ದಾಟಿ ಬೆಟ್ಟ ಸೇರಲು ಅವಸರಪಡುತ್ತಾರೆ. ನಮ್ಮಲ್ಲೂ ಕಾವಲುಗಳ ಬಹುಪಾಲು ಸಾಗುವಳಿ, ನೆಡುತೋಪು, ಕಟ್ಟಡಗಳಿಗೆ ಹೋಗಿದೆ. ಕಂದಾಯದ ಲೆಕ್ಕದಲ್ಲಿ ಬಂಜರು ಎಂದು ಬರೆದ ಕೂಡಲೇ ಆ ನೆಲವನ್ನು ಕೇಳುವವರು ಇಲ್ಲವಾಗುತ್ತಾರೆ.

ಎರಡನೆಯ ದಿನ ತರೀಕೆರೆ. ಬೆಳಿಗ್ಗೆ ಊರಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಅಮೃತಾಪುರಕ್ಕೆ ಹೋಗಿ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಇಲ್ಲಿನ ಶಾಸನವನ್ನು ರಚಿಸಿದವನು ಯಶೋಧರ ಚರಿತೆಯ ಕವಿ ಜನ್ನ. ಪಠ್ಯಪುಸ್ತಕದಲ್ಲಿ ಓದಿದ ಕವಿಯ ಅಕ್ಷರಗಳನ್ನು ಕಲ್ಲಿನ ಮೇಲೆ ನೋಡುವ ಅವಕಾಶ ಎಲ್ಲ ಕಡೆ ಸಿಗುವುದಿಲ್ಲ. ಮಂಟಪದ ಹೊರಗೋಡೆಯ ಸಾಲು ಚಿತ್ರಗಳನ್ನು ಗಮನಿಸಿ: ದಕ್ಷಿಣದಲ್ಲಿ ರಾಮಾಯಣ, ಉತ್ತರದಲ್ಲಿ ಕೃಷ್ಣನ ಕಥೆ ಮತ್ತು ಮಹಾಭಾರತ. ಒಳಗೆ ಕನ್ನಡಿಯಂತೆ ಹೊಳೆಯುವ ಕಂಬಗಳು. ಒಬ್ಬೊಬ್ಬರು ಒಂದೊಂದು ಫಲಕವನ್ನು ಆರಿಸಿಕೊಂಡು ಅದು ಯಾವ ಪ್ರಸಂಗವೆಂದು ಗುರುತಿಸಿ ಬರೆಯಿರಿ. ಇಡೀ ದೇವಾಲಯವನ್ನು ಹತ್ತು ನಿಮಿಷದಲ್ಲಿ ಸುತ್ತಿ ಬರುವುದಕ್ಕಿಂತ ಇದು ಮೇಲು.

ಮಧ್ಯಾಹ್ನ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು. ಜಲಾಶಯದ ಆಚೆ ಭದ್ರಾ ಅಭಯಾರಣ್ಯ; 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಕಾಡಿನೊಳಗಿದ್ದ ಹಳ್ಳಿಗಳ ಜನರಲ್ಲಿ ಬಹಳ ಮಂದಿಯನ್ನು 2002ರ ಹೊತ್ತಿಗೆ ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿಗೆ ಸ್ಥಳಾಂತರಿಸಿ ಜಮೀನು, ಮನೆ ಕೊಡಲಾಯಿತು. ನಾವು ಹುಲಿಯನ್ನು ಕಾಣುವ ಆಸೆಯಿಂದ ಹೋಗುತ್ತೇವೆ. ಆ ಹುಲಿಗೆ ಜಾಗ ಬಿಟ್ಟುಕೊಟ್ಟು ಬಂದವರು ಹತ್ತಿರದಲ್ಲೇ ಬದುಕುತ್ತಿದ್ದಾರೆ ಎಂಬುದನ್ನು ಮರೆಯಬಾರದು.

ಅಣೆಕಟ್ಟಿನ ಮೇಲೆ ನಿಂತಾಗ ನಿಮ್ಮ ನಕ್ಷೆಯನ್ನು ಮತ್ತೆ ಬಿಡಿಸಿ, ಒಂದು ಮಳೆಹನಿಯ ದಾರಿ ಹಿಡಿಯಿರಿ. ಬಾಬಾಬುಡನ್ ಶ್ರೇಣಿ ಕುದುರೆ ಲಾಳದ ಆಕಾರದಲ್ಲಿದೆ. ಚಂದ್ರದ್ರೋಣ ಎಂಬ ಹೆಸರೂ ಅದಕ್ಕಿದೆ. ಲಾಳದ ಒಳಗೆ ಬಿದ್ದ ಹನಿ ಜಾಗರ ಕಣಿವೆಯ ಸೋಮವಾಹಿನಿಗೆ ಸೇರಿ, ಭದ್ರೆಯಾಗಿ ಇಲ್ಲಿಗೆ ಬರುತ್ತದೆ. ಪೂರ್ವದ ಇಳಿಜಾರಿನಲ್ಲಿ ಬಿದ್ದ ಹನಿ ಕಡೂರಿನ ಕಡೆ ಇಳಿದು ವೇದಾವತಿಯಾಗಿ, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ ಸೇರುತ್ತದೆ. ಸಖರಾಯಪಟ್ಟಣದ ಅಯ್ಯನಕೆರೆಯಂಥ ಹಳೆಯ ಕೆರೆಗಳನ್ನು ತುಂಬುವುದೂ ಈ ಮಗ್ಗುಲಿನ ಹಳ್ಳಗಳೇ. ದಕ್ಷಿಣಕ್ಕೆ ಬಿದ್ದ ಹನಿ ಯಗಚಿ, ಹೇಮಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಭದ್ರೆ ಮತ್ತು ವೇದಾವತಿ ಬೇರೆ ಬೇರೆ ದಿಕ್ಕು ಹಿಡಿದರೂ ಕೊನೆಗೆ ತುಂಗಭದ್ರೆಯಲ್ಲಿ ಒಂದಾಗುತ್ತವೆ. ಮನುಷ್ಯ ಈಗ ಅವನ್ನು ಇನ್ನೂ ಮೊದಲೇ ಸೇರಿಸಿದ್ದಾನೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಪಂಪುಗಳಿಂದ ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಪೂರ್ವದ ಬಯಲಿಗೆ ಹರಿಸುತ್ತಾರೆ. 1933ರ ಅನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಅದರಲ್ಲಿ ಒಳ್ಳೆಯ ಮಳೆಯ ಜೊತೆಗೆ ಈ ನೀರಿನ ಪಾಲೂ ಇತ್ತು.

ಮೂರನೆಯ ದಿನ ಬೆಟ್ಟ. ಬೆಳಿಗ್ಗೆ ಬೇಗ ಹೊರಟು ಲಿಂಗದಹಳ್ಳಿಯ ದಾರಿಯಲ್ಲಿ ಕಲ್ಲತ್ತಿಗಿರಿಗೆ ಹೋಗಿ. ಬಂಡೆಯ ಮೇಲಿಂದ ಇಳಿಯುವ ನೀರು ವೀರಭದ್ರ ದೇವಾಲಯದ ಎದುರಿಗೇ ಬೀಳುತ್ತದೆ. ಪಾಚಿಗಟ್ಟಿದ ಕಲ್ಲಿನ ಮೇಲೆ ಹತ್ತಬೇಡಿ. ಫೋಟೋ ತೆಗೆಯಲು ಒಂದು ಹೆಜ್ಜೆ ಹಿಂದಕ್ಕೆ ಇಟ್ಟವರ ಸುದ್ದಿಯನ್ನು ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳಲ್ಲಿ ಓದುತ್ತೇವೆ.

ಅಲ್ಲಿಂದ ಕೆಮ್ಮಣ್ಣುಗುಂಡಿ, ಎತ್ತರ 1434 ಮೀಟರ್. ತರೀಕೆರೆಗಿಂತ ಎರಡು ಪಟ್ಟು ಎತ್ತರ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ನೀವೇ ಗುಣಿಸಿ ನೋಡಿ, ಒಂದು ಸ್ವೆಟರ್ ಏಕೆ ಬೇಕೆಂದು ತಿಳಿಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ವಿಶ್ರಾಂತಿಧಾಮವಾಗಿದ್ದ ಈ ಬೆಟ್ಟ 1942ರಲ್ಲಿ ತೋಟಗಾರಿಕೆ ಇಲಾಖೆಗೆ ಸೇರಿತು. ಕೆಂಪು ಮಣ್ಣಿಗೆ ಕಾರಣ ಕಬ್ಬಿಣದ ಅದಿರು. ಭದ್ರಾವತಿಯಲ್ಲಿ 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಗೆ ಇಲ್ಲಿಂದಲೇ ತಂತಿಮಾರ್ಗದ ತೊಟ್ಟಿಲುಗಳಲ್ಲಿ ಅದಿರು ಇಳಿಯುತ್ತಿತ್ತು.

ಇಲ್ಲಿಂದ ಝಡ್ ಪಾಯಿಂಟ್‌ವರೆಗಿನ ಕಾಲುದಾರಿಯಲ್ಲಿ ನಡೆಯಿರಿ. ಕಣಿವೆಗಳಲ್ಲಿ ದಟ್ಟವಾದ ಶೋಲಾ ಕಾಡು, ದಿಣ್ಣೆಗಳ ಮೇಲೆ ಬರೀ ಹುಲ್ಲು. ಮೊದಲನೆಯ ದಿನ ಬಯಲಿನಲ್ಲಿ ನೋಡಿದ ಹುಲ್ಲು ಮೂರನೆಯ ದಿನ ಬೆಟ್ಟದ ನೆತ್ತಿಯಲ್ಲಿ ಮತ್ತೆ ಸಿಗುತ್ತದೆ. ಜಾತಿ ಬೇರೆ, ಕೆಲಸ ಒಂದೇ. ಸುರಿದ ಮಳೆಯನ್ನು ಹಿಡಿದು, ನಿಧಾನವಾಗಿ ಬಿಟ್ಟುಕೊಡುವುದು ಈ ಹುಲ್ಲು ಮತ್ತು ಅದರ ಮಗ್ಗುಲಿನ ಶೋಲೆ. ಡಿಸೆಂಬರಿನಲ್ಲೂ ಕಲ್ಲತ್ತಿಗಿರಿಯಲ್ಲಿ ನೀರು ಬೀಳುತ್ತಿರುವುದು ಇದರಿಂದಲೇ. 2022ರಲ್ಲಿ ಈ ಗಿರಿಶ್ರೇಣಿಯ ದಿಣ್ಣೆಗಳಲ್ಲಿ ನೀಲಕುರಿಂಜಿ ಅರಳಿದಾಗ ಜನ ಸಾಲುಗಟ್ಟಿ ಬಂದರು. ಹೂವಿಲ್ಲದ ವರ್ಷಗಳಲ್ಲಿ ಅದೇ ದಿಣ್ಣೆಯನ್ನು ಬೋಳು ಗುಡ್ಡ ಎನ್ನುತ್ತಾರೆ.

ಹೊರಡುವ ಮುನ್ನ ಕೆಲವು ಮಾತು. ಹತ್ತು ಜನಕ್ಕೊಂದು ಗುಂಪು ಮಾಡಿಕೊಳ್ಳಿ. ಒಬ್ಬರು ನಕ್ಷೆ, ಒಬ್ಬರು ಖರ್ಚಿನ ಲೆಕ್ಕ, ಒಬ್ಬರು ಔಷಧಿ, ಒಬ್ಬರು ದಿನಚರಿ ನೋಡಿಕೊಳ್ಳಲಿ. ದಿನಕ್ಕೆ ಎರಡು ಸ್ಥಳ ಸಾಕು. ಕಾವಲಿನಲ್ಲಿ ವಾಹನವನ್ನು ದಾರಿ ಬಿಟ್ಟು ಇಳಿಸಬೇಡಿ. ನೆಲದ ಮೇಲೆಯೇ ಗೂಡು ಕಟ್ಟುವ ಹಕ್ಕಿಗಳು ಅಲ್ಲಿವೆ. ಬೆಂಕಿಕಡ್ಡಿ ಗೀರಬೇಡಿ, ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು. ತಿಂದ ಪೊಟ್ಟಣ ನಿಮ್ಮ ಚೀಲದಲ್ಲೇ ವಾಪಸು ಬರಲಿ.

ಮರಳಿ ಬಂದ ಮೇಲೆ ಒಂದು ಪುಟ ಬರೆಯಿರಿ. ಎಷ್ಟು ಸ್ಥಳ ನೋಡಿದಿರಿ ಎಂದಲ್ಲ. ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗುವಾಗ ಏನು ಬದಲಾಯಿತು ಎಂದು. ಮಣ್ಣಿನ ಬಣ್ಣವೋ, ಬೆಳೆಯೋ, ಮನೆಯ ಮಾಡಿನ ಇಳಿಜಾರೋ, ಜನರ ಮಾತಿನ ಧಾಟಿಯೋ. ನಾಳೆ ನಿಮ್ಮಲ್ಲಿ ಕೆಲವರು ಅಧಿಕಾರಿಗಳಾಗುತ್ತೀರಿ, ಎಂಜಿನಿಯರುಗಳಾಗುತ್ತೀರಿ, ಪಂಚಾಯಿತಿ ಸದಸ್ಯರಾಗುತ್ತೀರಿ. ಯಾವುದೋ ಕಡತದಲ್ಲಿ ಒಂದು ಕಾವಲಿನ ಹೆಸರು ನಿಮ್ಮ ಮೇಜಿಗೆ ಬರಬಹುದು, ಅದರ ಮುಂದೆ ಬಂಜರು ಎಂದು ಬರೆದಿರಬಹುದು. ಅಂದು ಬಾಸೂರಿನ ಹುಲ್ಲಿನಲ್ಲಿ ತಲೆಯೆತ್ತಿದ ಕೃಷ್ಣಮೃಗ ನಿಮ್ಮ ನೆನಪಿಗೆ ಬಂದರೆ ಈ ಮೂರು ದಿನಗಳು ಸಾರ್ಥಕ.

ದಾರಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲವೇ ಎಂದು ಕೇಳಿದ ಆ ಹುಡುಗನಿಗೆ ನನ್ನ ಉತ್ತರವೂ ಅಷ್ಟೇ: ಇತ್ತಪ್ಪಾ, ನಾವು ನಿದ್ರೆ ಮಾಡುತ್ತಿದ್ದೆವು. ನೀವು ಎಚ್ಚರವಾಗಿರಿ.